ಆರೋಗ್ಯ ವಿಜ್ಞಾನ ಗ್ರಂಥಾಲಯದ ಸಾರ್ವಜನಿಕ ಪ್ರದರ್ಶನ: ಕೋಲಾರದ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ವಿಶ್ವವಿದ್ಯಾಲಯದ ಆರೋಗ್ಯ ವಿಜ್ಞಾನ ಗ್ರಂಥಾಲಯದ ನೆಲಮಹಡಿಯಲ್ಲಿ ಎಲ್ಲರೂ ನೋಡಬಹುದಾದ ಪ್ರದರ್ಶನಗಳನ್ನು ಇಡುತ್ತೇವೆ. ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್ ಕಡೆಯಿಂದ ಬರುವವರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಉತ್ತರ ಬರೆದಿರುವವರು ಪ್ರದರ್ಶನವನ್ನು ಜೋಡಿಸುವ ನಾವೇ.

ಇದು ಡಾಕ್ಟರ್ ಓದುವವರ ಲೈಬ್ರರಿ ಅಲ್ವಾ? ನಾವು ಒಳಗೆ ಬರಬಹುದಾ?

ಖಂಡಿತ ಬನ್ನಿ. ಮೇಲಿನ ಮಹಡಿಗಳಲ್ಲಿ ವಿದ್ಯಾರ್ಥಿಗಳು ಓದುತ್ತಾರೆ. ಅಲ್ಲಿಗೆ ಹೋಗಲು ಕಾರ್ಡ್ ಬೇಕು. ಕೆಳಗಿನ ಪ್ರದರ್ಶನ ಕೋಣೆಗೆ ಏನೂ ಬೇಡ. ಟಿಕೆಟ್ ಇಲ್ಲ, ಆಧಾರ್ ಕೇಳುವುದಿಲ್ಲ. ಆಸ್ಪತ್ರೆಗೆ ಬಂದು ರಿಪೋರ್ಟ್‌ಗೆ ಕಾಯುತ್ತಿರುವವರು, ಒಳಗೆ ಮಲಗಿರುವ ಸಂಬಂಧಿಕರ ಜೊತೆ ಬಂದವರು, ಹೀಗೆ ಸುಮ್ನೆ ಅರ್ಧ ಗಂಟೆ ಕಳೆಯಲು ಬರುವವರೇ ಜಾಸ್ತಿ. ಅವರೆಲ್ಲರಿಗಾಗಿಯೇ ಇದನ್ನು ಮಾಡಿದ್ದೇವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ಈ ಜಿಲ್ಲೆಯ ಜನರ ಮೈಮೇಲೆ ನಡೆದ ಸಂಗತಿಗಳೇ ಇಲ್ಲಿನ ಗಾಜಿನ ಪೆಟ್ಟಿಗೆಗಳಲ್ಲಿ ಇವೆ. ಬೋರ್‌ವೆಲ್ ನೀರು, ಗಣಿಯ ಧೂಳು, ಸಿಡುಬು, ಹೆರಿಗೆ, ಹಾವಿನ ಕಡಿತ. ಇವುಗಳ ಬಗ್ಗೆ ಪುಸ್ತಕ ಬರೆದವರು ಓದಿದವರು. ಅನುಭವಿಸಿದವರು ನಿಮ್ಮ ಮನೆಯವರು. ಅದಕ್ಕೇ ನೀವು ಬಂದು ನೋಡಬೇಕು, ತಪ್ಪಿದ್ದರೆ ಹೇಳಬೇಕು ಎಂದು ನಮಗೆ ಆಸೆ.

ನೀರಿನ ಪ್ರದರ್ಶನಕ್ಕೆ ಅಷ್ಟೊಂದು ಜಾಗ ಯಾಕೆ?

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಿಂದಿನವರು ಕೆರೆ ಕಟ್ಟಿದರು, ತೆರೆದ ಬಾವಿ ತೋಡಿದರು. ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಆಮೇಲೆ ಬಾವಿಗಳು ಬತ್ತಿದವು, ಬೋರ್‌ವೆಲ್‌ಗಳು ಬಂದವು. ಸಾವಿರ ಅಡಿಗೂ ಕೆಳಗೆ ಕೊರೆಯುವುದು ಈಗ ಇಲ್ಲಿ ಮಾಮೂಲು. ನಮ್ಮ ನೆಲದ ಅಡಿ ಗ್ರಾನೈಟ್ ಬಂಡೆ. ಆ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಎಂಬ ಲವಣದ ಅಂಶ ಇರುತ್ತದೆ. ಆಳದ ನೀರು ಬಂಡೆಯ ಬಿರುಕುಗಳಲ್ಲಿ ಬಹಳ ಕಾಲ ನಿಂತಿರುವುದರಿಂದ ಫ್ಲೋರೈಡ್ ಅದರೊಳಗೆ ಕರಗಿ ಸೇರುತ್ತದೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಬೇರೆ ನೀರೇ ಸಿಗದಿದ್ದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಹೇಳುತ್ತದೆ. ಹಲ್ಲು ವಸಡಿನೊಳಗೆ ಬೆಳೆಯುತ್ತಿರುವ ಎಳೆ ವಯಸ್ಸಿನಲ್ಲೇ ಕಲೆ ಕೂರುತ್ತದೆ. ಹಳದಿ, ಕಂದು ಗೆರೆಗಳು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಶಾಲೆಯಲ್ಲಿ ಮಗು ಬಾಯಿ ಮುಚ್ಚಿಕೊಂಡು ನಗುತ್ತದೆ. ಮೇಷ್ಟ್ರು ಹಲ್ಲು ಉಜ್ಜಲ್ವಾ ಎಂದು ಗದರುತ್ತಾರೆ. ಆ ಮಗುವಿನದು ಏನೂ ತಪ್ಪಿಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ ಎಂದೇ ಆ ಫಲಕವನ್ನು ಎಲ್ಲಕ್ಕಿಂತ ದೊಡ್ಡದಾಗಿ ಮಾಡಿಸಿದೆವು. ಇನ್ನೂ ಹೆಚ್ಚು ಫ್ಲೋರೈಡ್ ಬಹಳ ವರ್ಷ ಒಳಗೆ ಹೋದರೆ ಮೂಳೆಗೆ ಇಳಿಯುತ್ತದೆ. ಸೊಂಟ, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಬಗ್ಗಿ ಕೆಲಸ ಮಾಡುವವರಿಗೆ ಇದು ಅನ್ನಕ್ಕೇ ಹೊಡೆತ.

ಇದು ಕೋಲಾರ ಒಂದರದೇ ಕಷ್ಟವೂ ಅಲ್ಲ. ಪಕ್ಕದ ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆಯಲ್ಲೂ ಇದೇ ಗೋಳು. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ.

ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತಾ?

ಹೋಗುವುದಿಲ್ಲ. ಬಹಳ ಜನ ಹೋಗುತ್ತದೆ ಎಂದೇ ನಂಬಿದ್ದಾರೆ. ಕುದಿಸಿದರೆ ಕಾಲರಾ, ಭೇದಿ ತರುವ ಕ್ರಿಮಿಗಳು ಸಾಯುತ್ತವೆ. ಆದ್ದರಿಂದ ಕುದಿಸುವ ಅಭ್ಯಾಸ ಒಳ್ಳೆಯದೇ. ಫ್ಲೋರೈಡ್ ಮಾತ್ರ ಪಾತ್ರೆಯಲ್ಲೇ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು.

ಹೋಗಿಸುವ ದಾರಿಗಳಿವೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಊರಿನ ಶುದ್ಧ ನೀರಿನ ಘಟಕದಲ್ಲಿ ಆರ್‌ಓ ಯಂತ್ರ ಇರುತ್ತದೆ. ಅದು ಸರಿಯಾಗಿ ನಡೆಯುತ್ತಿದ್ದರೆ ಫ್ಲೋರೈಡ್ ತೆಗೆಯುತ್ತದೆ. ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು ಎಂದು ಕೇಳುವುದು ನಿಮ್ಮ ಹಕ್ಕು. ನಾಗಪುರದ ‘ನೀರಿ’ (NEERI) ಎಂಬ ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನ ಇನ್ನೊಂದು. ಅದರಲ್ಲಿ ಅಳತೆ ಪ್ರಕಾರ ಸುಣ್ಣ, ಪಟಿಕ ಬೆರೆಸಿ ತಿಳಿಯಾಗಲು ಬಿಡುತ್ತಾರೆ. ಅಳತೆ ತಪ್ಪಿದರೆ ಉಪಯೋಗವಿಲ್ಲ, ಹಾಗಾಗಿ ಕೇಳದೆ ಮನೆಯಲ್ಲಿ ಮಾಡಬೇಡಿ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ತಾರಸಿಯ ಮೊದಲ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ತೊಟ್ಟಿಗೆ ಹಿಡಿದರೆ ಕುಡಿಯಲು, ಅಡುಗೆಗೆ ಅದೇ ಎಲ್ಲಕ್ಕಿಂತ ವಾಸಿ.

ನಿಮ್ಮ ಬೋರ್‌ವೆಲ್ ನೀರಿನಲ್ಲಿ ಎಷ್ಟಿದೆ ಎಂದು ನಾಲಿಗೆಗೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಪರೀಕ್ಷೆಯೇ ಆಗಬೇಕು. ಗ್ರಾಮ ಪಂಚಾಯಿತಿಯಲ್ಲಿ ಕಿಟ್ ಇದೆಯಾ ಎಂದು ವಿಚಾರಿಸಿ. ಇಲ್ಲದಿದ್ದರೆ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಬಾಟಲಿ ಒಯ್ಯಿರಿ. ನಮ್ಮಲ್ಲಿ ಪರೀಕ್ಷೆ ಮಾಡುವುದಿಲ್ಲ.

ಕೆಜಿಎಫ್ ಅಂದರೆ ಚಿನ್ನ. ಅದು ಆಸ್ಪತ್ರೆ ಲೈಬ್ರರಿಯಲ್ಲಿ ಯಾಕೆ?

ಚಿನ್ನದ ಕಥೆ ಎಲ್ಲರಿಗೂ ಗೊತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದದ್ದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದು. ನಾವು ಹೇಳುತ್ತಿರುವುದು ಆ ಗಣಿಗೆ ಇಳಿದವರ ಶ್ವಾಸಕೋಶದ ಕಥೆ.

ಚಿನ್ನ ಇದ್ದದ್ದು ಬೆಣಚು ಕಲ್ಲಿನಲ್ಲಿ. ಬೆಣಚು ಕಲ್ಲನ್ನು ಕೊರೆದಾಗ, ಸಿಡಿಸಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಧೂಳು ಏಳುತ್ತದೆ. ದಪ್ಪ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಈ ಸಣ್ಣದು ನೇರವಾಗಿ ಶ್ವಾಸಕೋಶದ ತುದಿಯ ಗಾಳಿಚೀಲಗಳಿಗೆ ಇಳಿಯುತ್ತದೆ. ದೇಹದ ಕಾವಲು ಕೋಶಗಳು ಅದನ್ನು ನುಂಗಿ, ಅರಗಿಸಲಾಗದೆ ತಾವೇ ಸಾಯುತ್ತವೆ. ಆ ಜಾಗದಲ್ಲಿ ಗಾಯದ ಕಲೆ ಕಟ್ಟುತ್ತದೆ. ವರ್ಷಗಳು ಉರುಳಿದಂತೆ ಮೆತ್ತಗಿದ್ದ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದಕ್ಕೆ ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ. ಇದು ಬಂದವರಿಗೆ ಕ್ಷಯ ಬೇಗ ತಗಲುತ್ತದೆ. ಕೆಲಸ ಬಿಟ್ಟು ಹಲವು ವರ್ಷಗಳಾದ ಮೇಲೂ ಉಬ್ಬಸ ಹೆಚ್ಚುತ್ತಲೇ ಇರುತ್ತದೆ.

ಭಾರತದ ಎಂಬಿಬಿಎಸ್ ವಿದ್ಯಾರ್ಥಿಗಳು ಸಮುದಾಯ ವೈದ್ಯ ವಿಷಯದಲ್ಲಿ ಓದುವ ಪಠ್ಯದಲ್ಲಿ ಸಿಲಿಕೋಸಿಸ್ ಅಧ್ಯಾಯಕ್ಕೆ ಬಂದರೆ ಕೋಲಾರದ ಹೆಸರು ಇದೆ. ದೇಶದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ ಎಂದು ಅಲ್ಲಿ ಬರೆದಿದೆ. ದೇಶದ ಯಾವ ಮೂಲೆಯಲ್ಲಿ ಡಾಕ್ಟರ್ ಓದಿದರೂ ನಮ್ಮ ಗಣಿ ಕಾರ್ಮಿಕರ ಆ ಒಂದು ಸಾಲನ್ನು ಓದಿಯೇ ಪರೀಕ್ಷೆ ಬರೆಯುತ್ತಾರೆ. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮಾತ್ರ ಇದು ಗೊತ್ತಿರುವುದಿಲ್ಲ. ಇದು ಸರಿಯಲ್ಲ ಅನ್ನಿಸಿತು. ಅದಕ್ಕೇ ಒಂದು ಇಡೀ ಗೋಡೆ ಅವರಿಗೆ.

ಗಣಿ ಮುಚ್ಚಿದ ಮೇಲೆ ಇದು ಹಳೆಯ ಮಾತಾಯಿತು ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲೂ ಚಿಕ್ಕಬಳ್ಳಾಪುರದಲ್ಲೂ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳು ಎಷ್ಟಿವೆ ನೋಡಿ. ಅದೇ ಧೂಳು. ಕಲ್ಲನ್ನು ಒದ್ದೆ ಮಾಡಿ ಕೊರೆಯುವುದು, ಕ್ರಷರ್ ಬಾಯಿಗೆ ನೀರು ಚಿಮ್ಮಿಸುವುದು, ಸರಿಯಾದ ಮಾಸ್ಕ್ ಹಾಕುವುದು, ಆಗಾಗ ಎಕ್ಸ್‌ರೇ ತೆಗೆಸುವುದು ಇಷ್ಟರಿಂದ ತಡೆಯಬಹುದಾದ ಕಾಯಿಲೆ ಇದು. ಮುಖಕ್ಕೆ ಸುತ್ತಿಕೊಳ್ಳುವ ಟವೆಲ್ ಈ ಸಣ್ಣ ಧೂಳನ್ನು ತಡೆಯುವುದಿಲ್ಲ. ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಕಾನೂನೇ ಹೇಳುತ್ತದೆ. ಕೆಮ್ಮು, ಉಬ್ಬಸ ಎಂದು ಡಾಕ್ಟರ ಬಳಿ ಹೋದಾಗ ಏನು ಕೆಲಸ ಮಾಡುತ್ತಿದ್ದಿರಿ ಎನ್ನುವುದನ್ನು ಬಾಯಿ ಬಿಟ್ಟು ಹೇಳಿ. ಅವರು ಕೇಳದಿದ್ದರೂ ಹೇಳಿ.

ಸಿಡುಬು, ಪ್ಲೇಗು ಅಂತೆಲ್ಲ ಇಟ್ಟಿದ್ದೀರಿ. ಅಮ್ಮನ ವಿಷಯ ಹೀಗೆ ಪ್ರದರ್ಶನಕ್ಕೆ ಇಡಬಹುದಾ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹಿರಿಯ ಹೆಂಗಸರು. ಅವರ ಅಳುಕು ನಮಗೆ ಅರ್ಥವಾಗುತ್ತದೆ. ಮಾರಮ್ಮನ ಬಗ್ಗೆ ಹಗುರವಾದ ಒಂದು ಮಾತೂ ಆ ಫಲಕಗಳಲ್ಲಿ ಇಲ್ಲ. ಅಮ್ಮ ಆದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಹೊರಗಿನವರು ಒಳಗೆ ಬರುತ್ತಿರಲಿಲ್ಲ, ಒಳಗಿನವರು ಹೊರಗೆ ಹೋಗುತ್ತಿರಲಿಲ್ಲ. ಔಷಧಿಯೇ ಇಲ್ಲದ ಕಾಲದಲ್ಲಿ ಜನ ತಮ್ಮ ತಿಳಿವಳಿಕೆಯಿಂದ ಕಂಡುಕೊಂಡ ಎಚ್ಚರಿಕೆ ಅದು. ಅದನ್ನು ಗೌರವದಿಂದಲೇ ಬರೆದಿದ್ದೇವೆ.

ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ. ಎರಡು ವರ್ಷ ಮೊದಲು ಮುಂಬೈಯಲ್ಲಿ ಶುರುವಾಗಿತ್ತು. ಆಮೇಲೆ ನಮ್ಮ ಸೀಮೆಯ ಊರುಗಳಲ್ಲೂ ಇಲಿ ಸತ್ತು ಬಿದ್ದರೆ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದೇ 1898ರಲ್ಲಿ ಪೌಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗ ಮಾಡಿ, ಸತ್ತ ಇಲಿಯಿಂದ ಕಾಯಿಲೆಯನ್ನು ದಾಟಿಸುವುದು ಚಿಗಟ ಎಂದು ತೋರಿಸಿದರು. ಆ ಮಾತನ್ನು ಉಳಿದ ವೈದ್ಯರು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಇಲಿ ಬಿದ್ದ ಮನೆ ಬಿಟ್ಟು ಹೋಗಬೇಕು ಎನ್ನುವುದು ನಮ್ಮ ಹಳ್ಳಿಯವರಿಗೆ ಅಷ್ಟರಲ್ಲಾಗಲೇ ಗೊತ್ತಿತ್ತು. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ.

ಸಿಡುಬಿನ ಪೆಟ್ಟಿಗೆಯಲ್ಲಿ ಎರಡು ಕವಲಿನ ಸೂಜಿ ಇದೆ. ಅದರ ತುದಿಯಲ್ಲಿ ಒಂದು ಹನಿ ಲಸಿಕೆ ನಿಲ್ಲುತ್ತಿತ್ತು. ಅಷ್ಟೇ ಸಾಕಾಗುತ್ತಿತ್ತು. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. ಇಡೀ ಲೋಕದಿಂದಲೇ ಅದು ಹೋಯಿತು ಎಂದು 1980ರ ಮೇ 8ರಂದು ಘೋಷಿಸಿದರು. ಮೈಲಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಂಡ ಗುರುತು ನಿಮ್ಮ ಮನೆಯ ಅಜ್ಜ ಅಜ್ಜಿಯರ ತೋಳಿನಲ್ಲಿ ಇರುತ್ತದೆ. ಮಕ್ಕಳನ್ನು ಕರೆತಂದರೆ ಅಜ್ಜಿಯರನ್ನೂ ಕರೆತನ್ನಿ. ಆ ಪೆಟ್ಟಿಗೆಯ ಮುಂದೆ ಅವರು ಸೆರಗು ಸರಿಸಿ ಮೊಮ್ಮಗುವಿಗೆ ಆ ಗುರುತು ತೋರಿಸುವುದಕ್ಕಿಂತ ಒಳ್ಳೆಯ ವಿವರಣೆಯನ್ನು ನಾವು ಬರೆಯಲಾರೆವು.

ನಾರು ಹುಣ್ಣು ಅಂದರೇನು? ನಮ್ಮ ಕಾಲದವರಿಗೆ ಗೊತ್ತೇ ಇಲ್ಲ.

ಗೊತ್ತಿಲ್ಲದಿರುವುದೇ ಒಳ್ಳೆಯ ಸುದ್ದಿ. ಮೆಟ್ಟಿಲು ಬಾವಿಗೆ ಕಾಲಿಟ್ಟು ನೀರು ತರುತ್ತಿದ್ದ ಕಾಲದಲ್ಲಿ ಆ ನೀರು ಕುಡಿದಾಗ ಅದರ ಸಣ್ಣ ಜೀವಿಗಳ ಮೂಲಕ ಒಂದು ಹುಳು ದೇಹಕ್ಕೆ ಹೋಗುತ್ತಿತ್ತು. ಸುಮಾರು ಒಂದು ವರ್ಷದ ಮೇಲೆ ಕಾಲಿನ ಚರ್ಮ ಒಡೆದು ಉದ್ದನೆಯ ದಾರದ ಹಾಗೆ ಹೊರಗೆ ಬರುತ್ತಿತ್ತು. ಕಡ್ಡಿಗೆ ದಿನಾ ಸ್ವಲ್ಪ ಸ್ವಲ್ಪ ಸುತ್ತಿ ಎಳೆಯುತ್ತಿದ್ದರು. ಕರ್ನಾಟಕದಲ್ಲೂ ಇತ್ತು. ಔಷಧಿಯಿಲ್ಲದೆ, ಲಸಿಕೆಯಿಲ್ಲದೆ, ಬಟ್ಟೆಯಲ್ಲಿ ನೀರು ಸೋಸಿ, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿ ಮಾಡಿ ಅದನ್ನು ಓಡಿಸಿದರು. 2000ದಲ್ಲಿ ಭಾರತ ಅದರಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಒಳಗೆ ಹೆಣ, ಅಸ್ಥಿಪಂಜರ ಇಟ್ಟಿದ್ದೀರಾ? ಮಕ್ಕಳು ಹೆದರಲ್ವಾ?

ಸಾರ್ವಜನಿಕರ ಕೋಣೆಯಲ್ಲಿ ಮನುಷ್ಯರ ದೇಹದ ಯಾವ ಭಾಗವೂ ಇಲ್ಲ. ಇರುವ ಅಸ್ಥಿಪಂಜರ ಪ್ಲಾಸ್ಟಿಕ್ಕಿನದು. ಹೃದಯ, ಶ್ವಾಸಕೋಶ ಎಲ್ಲ ಮಾದರಿಗಳು. ಮಕ್ಕಳು ಮುಟ್ಟಿ ನೋಡಬಹುದು, ಬಿಚ್ಚಿ ಜೋಡಿಸಬಹುದು. ಅಂಗರಚನಾ ವಿಭಾಗದ ಮ್ಯೂಸಿಯಂ ಬೇರೆ ಕಡೆ ಇದೆ. ಅದು ವಿದ್ಯಾರ್ಥಿಗಳ ಕಲಿಕೆಗೆ ಮಾತ್ರ.

ಈ ನಿಯಮಕ್ಕೆ ಹೆದರಿಕೆ ಒಂದೇ ಕಾರಣವಲ್ಲ. ಒಂದು ಕಾಲದಲ್ಲಿ ಜಗತ್ತಿನ ಬಹಳಷ್ಟು ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರಗಳು ಹೋಗುತ್ತಿದ್ದದ್ದು ಭಾರತದಿಂದ. 1985ರಲ್ಲಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಆ ಮೂಳೆಗಳು ಯಾರದ್ದೋ ಬಡವರದ್ದು. ಅವರನ್ನು ಯಾರೂ ಕೇಳಿರಲಿಲ್ಲ. ಒಪ್ಪಿಗೆ ಕೊಡದವರ ದೇಹವನ್ನು ನೋಡಲು ಇಡುವುದು ತಪ್ಪು ಎನ್ನುವುದು ನಮ್ಮ ಗಟ್ಟಿ ನಿಲುವು.

ಬದುಕಿರುವಾಗಲೇ ತಾವಾಗಿ ಒಪ್ಪಿ ದೇಹದಾನ ಮಾಡುವವರ ವಿಷಯ ಬೇರೆ. ಅವರಿಂದಲೇ ನಮ್ಮ ವಿದ್ಯಾರ್ಥಿಗಳು ಕಲಿಯುತ್ತಾರೆ. ಅವರ ಬಗ್ಗೆ ಒಂದು ಫಲಕ ಇದೆ, ಹೆಸರುಗಳಿಲ್ಲ. ಪಕ್ಕದಲ್ಲೇ ನೇತ್ರದಾನದ್ದು. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನಿಮಗೆ ಗೊತ್ತೇ ಇದೆ. ಸಾವಾದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಹಾಗಾಗಿ ಮನೆಯವರಿಗೆ ಮೊದಲೇ ತಿಳಿಸಿರುವುದು ಫಾರಂ ತುಂಬುವುದಕ್ಕಿಂತ ಮುಖ್ಯ.

ರೋಗಿಗಳ ಫೋಟೋ ಹಾಕಿದ್ದೀರಲ್ಲ, ಅವರಿಗೆ ಗೊತ್ತಾ?

ಗುರುತು ಸಿಗುವಂಥ ಒಂದು ಮುಖವೂ ಗೋಡೆಯ ಮೇಲಿಲ್ಲ. ರೋಗಿಯ ಗುರುತು ಸಿಗುವ ಫೋಟೋವನ್ನು ಅವರ ಅನುಮತಿ ಇಲ್ಲದೆ ವೈದ್ಯರು ಪ್ರಕಟಿಸಬಾರದು ಎಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ನಾವು ಒಂದು ಹೆಜ್ಜೆ ಮುಂದೆ ಹೋಗಿದ್ದೇವೆ. ಕೋಲಾರ ದೊಡ್ಡ ಊರಲ್ಲ. ಕೈಯ ಹಚ್ಚೆ, ಸೀರೆಯ ಅಂಚು, ಹಿಂದಿನ ಗೋಡೆ ಕಂಡರೂ ಸಾಕು, ಯಾರೆಂದು ಹೇಳಿಬಿಡುತ್ತಾರೆ. ಹಳೆಯ ಫೋಟೋಗಳಲ್ಲಿ ಅನುಮತಿಯ ಕಾಗದ ಸಿಗದಿದ್ದರೆ ಅವನ್ನು ಕೈಯಲ್ಲಿ ಬಿಡಿಸಿದ ಚಿತ್ರವಾಗಿ ಬದಲಿಸಿ ಹಾಕಿದ್ದೇವೆ. ಆದರೂ ಯಾವುದೋ ಚಿತ್ರದಲ್ಲಿ ನಿಮ್ಮವರು ಇದ್ದಾರೆ ಅನ್ನಿಸಿದರೆ ಮೇಜಿನಲ್ಲಿರುವವರಿಗೆ ಹೇಳಿ. ಮೊದಲು ತೆಗೆಯುತ್ತೇವೆ, ಆಮೇಲೆ ಮಾತಾಡುತ್ತೇವೆ.

ಒಳಗೆ ಅಷ್ಟು ಮಬ್ಬು ಬೆಳಕು ಯಾಕೆ? ಓದಲು ಕಷ್ಟ.

ತಾಳೆಗರಿ, ಹಳೆಯ ಕಾಗದ, ಬಟ್ಟೆ ಇರುವ ಮೂಲೆಯಲ್ಲಿ ಮಾತ್ರ ಹಾಗೆ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇಂಥ ವಸ್ತುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎನ್ನುವುದು ಮ್ಯೂಸಿಯಂಗಳ ರೂಢಿ. ಆಫೀಸು ಕೋಣೆಯಲ್ಲಿ 300ರಿಂದ 500 ಇರುತ್ತದೆ. ಬೆಳಕಿನಿಂದಾದ ಹಾನಿ ವಾಪಸು ಹೋಗುವುದಿಲ್ಲ, ಸೇರುತ್ತಲೇ ಇರುತ್ತದೆ. ಬಣ್ಣ ಮಾಸುತ್ತದೆ, ಕಾಗದ ಪುಡಿಯಾಗುತ್ತದೆ. ಅದಕ್ಕೇ ಕೆಲವು ತಿಂಗಳಿಗೊಮ್ಮೆ ಪುಟ ತಿರುಗಿಸುತ್ತೇವೆ ಅಥವಾ ವಸ್ತುವನ್ನು ಒಳಗಿಟ್ಟು ನಕಲು ಇಡುತ್ತೇವೆ. ನಕಲಾದರೆ ಚೀಟಿಯಲ್ಲಿ ನಕಲು ಎಂದೇ ಬರೆದಿರುತ್ತದೆ. ಓದಲು ಆಗದವರಿಗೆ ಅದೇ ಬರಹ ದಪ್ಪ ಅಕ್ಷರದಲ್ಲಿ, ಕೈಗೆ ಹಿಡಿಯುವ ರಟ್ಟಿನಲ್ಲಿ ಸಿಗುತ್ತದೆ. ಕೇಳಿ ಪಡೆಯಿರಿ.

ಮೊಬೈಲಲ್ಲಿ ಫೋಟೋ ತೆಗೆಯಬಹುದಾ?

ಫ್ಲ್ಯಾಷ್ ಇಲ್ಲದೆ ತೆಗೆಯಿರಿ. ಬೇರೆ ನೋಡುಗರು ಚಿತ್ರದಲ್ಲಿ ಬರದಂತೆ ನೋಡಿಕೊಳ್ಳಿ. ಆಸ್ಪತ್ರೆಯಿಂದ ಬಂದವರು ಅಲ್ಲಿ ಇರುತ್ತಾರೆ.

ನಮ್ಮ ಅಟ್ಟದಲ್ಲಿ ಹಳೆಯ ಓಲೆಗರಿ ಕಟ್ಟು ಇದೆ, ತಾತ ವೈದ್ಯ ಮಾಡುತ್ತಿದ್ದರು. ತೆಗೆದುಕೊಳ್ಳುತ್ತೀರಾ?

ಮೊದಲು ಅದಕ್ಕೆ ಏನೂ ಮಾಡಬೇಡಿ, ದಯವಿಟ್ಟು. ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅಡುಗೆ ಎಣ್ಣೆ ಸವರಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಬಾರದ ಒಣ ಜಾಗದಲ್ಲಿ ಇಡಿ. ಬಜೆ ತುಂಡನ್ನು ಚಿಕ್ಕ ಗಂಟು ಕಟ್ಟಿ ಪಕ್ಕದಲ್ಲಿ ಇಡುವುದು ಹಿಂದಿನವರ ರೂಢಿ, ಅದನ್ನು ಮುಂದುವರಿಸಿ. ಗರಿಗಳ ಸಾಲು ಕೆಡಿಸಬೇಡಿ. ದಾರ ಹರಿದಿದ್ದರೂ ಇದ್ದ ಕ್ರಮದಲ್ಲೇ ಬಿಡಿ.

ಆಮೇಲೆ ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡು ಬನ್ನಿ, ಮಾತಾಡೋಣ. ಮೂರು ದಾರಿಗಳಿವೆ. ಗ್ರಂಥಾಲಯಕ್ಕೇ ಕೊಡಬಹುದು. ಪ್ರದರ್ಶನದ ಅವಧಿಗೆ ಮಾತ್ರ ಕೊಟ್ಟು ವಾಪಸು ಪಡೆಯಬಹುದು. ಇಲ್ಲವೇ ನಾವು ಸ್ಕ್ಯಾನ್ ಮಾಡಿಕೊಂಡು ಅದೇ ದಿನ ನಿಮ್ಮ ಕೈಗೆ ಕೊಡಬಹುದು. ನಮಗೆ ಮೂರನೆಯದೇ ಇಷ್ಟ. ಕಟ್ಟು ಮನೆಯಲ್ಲೇ ಇದ್ದರೆ ಅದರ ಜೊತೆಗಿನ ಮಾತುಗಳೂ ಉಳಿಯುತ್ತವೆ. ಯಾವ ದಾರಿಯಾದರೂ ಕನ್ನಡದಲ್ಲಿ ಬರೆದ ಕಾಗದ ಆಗುತ್ತದೆ, ಎರಡೂ ಕಡೆ ಸಹಿ ಇರುತ್ತದೆ. ಬರೀ ಬಾಯಿಮಾತಿನ ಮೇಲೆ ಯಾರಿಗೂ ಕೊಡಬೇಡಿ, ನಮಗೂ ಕೂಡ.

ಗರಿ ಮಾತ್ರ ಬೆಲೆಯುಳ್ಳದ್ದು ಎಂದುಕೊಳ್ಳಬೇಡಿ. ಮಗುವಿಗೆ ಹಾಲು ಹಾಕುತ್ತಿದ್ದ ಒಳಲೆ, ಜಾಯಿಕಾಯಿ ತೇಯುತ್ತಿದ್ದ ಕಲ್ಲು, ಹಳೆಯ ತಾಯಿ ಕಾರ್ಡ್, ಗಣಿಯ ಕಾರ್ಬೈಡ್ ದೀಪ, ಕುಟುಂಬ ಯೋಜನೆಯ ಕೆಂಪು ತ್ರಿಕೋನದ ತಗಡು, ಎಲ್ಲವೂ ನಮಗೆ ಬೇಕು.

ಆ ಗರಿಗಳಲ್ಲಿರುವ ಔಷಧಿ ಮಾಡಿಕೊಳ್ಳಬಹುದಾ?

ಬೇಡ. ಒಂದೇ ಹೆಸರಿನ ಗಿಡ ಊರಿಂದ ಊರಿಗೆ ಬೇರೆ ಆಗುತ್ತದೆ. ಅಳತೆಗಳು ಈಗಿನವಲ್ಲ. ಕೆಲವು ಮದ್ದಿನ ಮಿಶ್ರಣಗಳಲ್ಲಿ ಪಾದರಸ, ಸೀಸ ಇವೆ. ಶುದ್ಧಿ ಮಾಡುವ ಕ್ರಮವನ್ನು ಗುರು ಬಾಯಲ್ಲಿ ಹೇಳುತ್ತಿದ್ದರೇ ಹೊರತು ಬರೆಯುತ್ತಿರಲಿಲ್ಲ. ಓದಿದ ಆಯುರ್ವೇದ ವೈದ್ಯರನ್ನು ಕೇಳಿ. ಇದೇ ಕಾರಣಕ್ಕೆ ಯಾವ ಗರಿಯ ಪಕ್ಕದಲ್ಲೂ ಇದು ಈ ಕಾಯಿಲೆಗೆ ರಾಮಬಾಣ ಎಂದು ನಾವು ಬರೆದಿಲ್ಲ. ಹಾಗೆ ಜಾಹೀರಾತು ಮಾಡುವುದನ್ನು ತಡೆಯುವ ಕಾಯ್ದೆಯೇ 1954ರಿಂದ ಇದೆ.

ಹೆರಿಗೆಯ ಪ್ರದರ್ಶನದಲ್ಲಿ ಸೂಲಗಿತ್ತಿಯರನ್ನು ಯಾಕೆ ಹೊಗಳಿದ್ದೀರಿ? ಆಸ್ಪತ್ರೆಗೆ ಹೋಗಿ ಅಂತ ನೀವೇ ಹೇಳ್ತೀರಲ್ಲ?

ಎರಡನ್ನೂ ಮನಸ್ಸಿಟ್ಟು ಹೇಳುತ್ತೇವೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ರಕ್ತಸ್ರಾವ, ನಂಜು, ಅಡ್ಡ ಮಲಗಿದ ಮಗು, ಇವುಗಳಿಗೆ ಮನೆಯಲ್ಲಿ ದಾರಿಯಿಲ್ಲ. ಆದರೆ ಹತ್ತಾರು ಮೈಲಿ ಆಸ್ಪತ್ರೆಯೇ ಇಲ್ಲದಿದ್ದ ಕಾಲದಲ್ಲಿ ರಾತ್ರಿ ಕಂದೀಲು ಹಿಡಿದು ಬಂದವರು ಅವರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ದುಡ್ಡು ಕೇಳಿದವರಲ್ಲ. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ವೈದ್ಯಕೀಯ ಗ್ರಂಥಾಲಯದ ಗೋಡೆಯ ಮೇಲೆ ಅವರಿಗೆ ಜಾಗ ಇಲ್ಲದಿದ್ದರೆ ಇನ್ಯಾರಿಗೆ ಕೊಡುವುದು?

ಹಾವು ಕಡಿತದ ಫಲಕದ ಮುಂದೆ ಯಾವಾಗಲೂ ಜನ. ಅಲ್ಲಿ ಏನಿದೆ?

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮಲ್ಲಿ ಹೆಚ್ಚು ಜೀವ ತೆಗೆಯುವ ನಾಲ್ಕು. ಸಿಗುವ ವಿಷನಿರೋಧಕ ಮದ್ದು ಈ ನಾಲ್ಕಕ್ಕೂ ಆಗುತ್ತದೆ. ಆದ್ದರಿಂದ ಹಾವನ್ನು ಹೊಡೆದು, ಹಿಡಿದು ತರಬೇಕಿಲ್ಲ. ಕಚ್ಚಿದ ಕಡೆ ಕೊಯ್ಯುವುದು, ಬಾಯಲ್ಲಿ ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೇ ಗೊತ್ತಾಗದಿರಬಹುದು. ಬೆಳಗ್ಗೆ ರೆಪ್ಪೆ ಎತ್ತಲಾಗದಿದ್ದರೆ ತಡ ಮಾಡಬೇಡಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ತೆಲುಗಲ್ಲಿ ವಿವರಿಸುವವರು ಇದ್ದಾರಾ?

ಫಲಕಗಳು ಕನ್ನಡದಲ್ಲಿವೆ. ಮಾತಿನಲ್ಲಿ ತೆಲುಗು, ತಮಿಳು, ಉರ್ದು ಬಲ್ಲ ವಿದ್ಯಾರ್ಥಿಗಳು ಸಿಗುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದವರು, ಕೆಜಿಎಫ್‌ನವರು ಮನೆಮಾತಿನಲ್ಲೇ ಕೇಳಿ, ಸಂಕೋಚ ಬೇಡ.

ಶಾಲೆಯಿಂದ ಮಕ್ಕಳನ್ನು ಕರೆತರಬೇಕು. ಹೇಗೆ?

ಒಂದು ವಾರ ಮೊದಲು ಪತ್ರ ಕೊಡಿ. ಒಂದು ಸಲಕ್ಕೆ ಒಂದೇ ತರಗತಿ ಬಂದರೆ ಎಲ್ಲರಿಗೂ ಕಾಣುತ್ತದೆ. ಸರ್ಕಾರಿ ಶಾಲೆಗಳಿಗೆ ಬಸ್ಸಿನ ಖರ್ಚು ಕಷ್ಟ ಎನ್ನುವುದು ಗೊತ್ತು. ಅಂಥವರಿಗಾಗಿ ಬಟ್ಟೆಯ ಮೇಲೆ ಅಚ್ಚು ಹಾಕಿಸಿದ ಫಲಕಗಳಿವೆ. ಸುತ್ತಿ ಬೈಕಿನಲ್ಲಿ ಒಯ್ಯಬಹುದು. ಶಾಲೆ, ಪಂಚಾಯಿತಿ, ಹಾಲಿನ ಡೇರಿ, ಜಾತ್ರೆ, ಎಲ್ಲಿ ಬೇಕಾದರೂ ಕಟ್ಟಿ. ನೀರಿನ ಫಲಕಗಳನ್ನು ಡೇರಿಯ ಮುಂದೆ ಕಟ್ಟಿದರೆ ಬೆಳಗ್ಗೆ ಸಂಜೆ ಹಾಲು ಹಾಕಲು ಬರುವ ಇಡೀ ಊರು ನೋಡುತ್ತದೆ.

ಗಾಲಿ ಕುರ್ಚಿಗೆ ಇಳಿಜಾರು ದಾರಿ ಹಿಂಬದಿಯ ಬಾಗಿಲಲ್ಲಿದೆ. ಕಾವಲುಗಾರರಿಗೆ ಹೇಳಿದರೆ ತೆಗೆಯುತ್ತಾರೆ.

ಔಷಧಿ ಕಂಪನಿಯವರು ದುಡ್ಡು ಕೊಡ್ತಾರಾ?

ಇಲ್ಲ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಫ್ಲೋರೈಡ್ ಫಲಕದ ಕೆಳಗೆ ಫಿಲ್ಟರ್ ಕಂಪನಿಯ ಹೆಸರು ಬಂದರೆ ಆ ಫಲಕವನ್ನು ನೀವು ನಂಬುತ್ತೀರಾ? ವಿಶ್ವವಿದ್ಯಾಲಯದ ಹಣ, ವಿದ್ಯಾರ್ಥಿಗಳ ಶ್ರಮ, ಊರಿನವರ ವಸ್ತು. ಇಷ್ಟರಲ್ಲೇ ನಡೆಯುತ್ತದೆ.

ಅಲ್ಲಿ ಡಾಕ್ಟರ್ ಇರ್ತಾರಾ? ರಿಪೋರ್ಟ್ ತೋರಿಸಬಹುದಾ?

ಇಲ್ಲಿ ರಿಪೋರ್ಟ್ ನೋಡುವುದಿಲ್ಲ. ವಿವರಿಸುವ ವಿದ್ಯಾರ್ಥಿಗಳೂ ಔಷಧಿ ಹೇಳಬಾರದು ಎಂದು ತಿಳಿಸಿದ್ದೇವೆ. ಹೊರರೋಗಿ ವಿಭಾಗಕ್ಕೆ ಹೋಗುವ ದಾರಿ, ಯಾವ ಕೌಂಟರಿನಲ್ಲಿ ಚೀಟಿ ಮಾಡಿಸಬೇಕು ಎನ್ನುವುದನ್ನು ಖಂಡಿತ ತೋರಿಸುತ್ತಾರೆ.

ಮುಂದಿನ ಪ್ರದರ್ಶನ ಯಾವುದು?

ಟೊಮೆಟೊ ಬೆಳೆಗಾರರು ಮತ್ತು ಕೀಟನಾಶಕ. ಕೋಲಾರದ ಮಾರುಕಟ್ಟೆಗೆ ಬರುವ ಒಂದೊಂದು ಬಾಕ್ಸಿನ ಹಿಂದೆ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಔಷಧಿ ಹೊಡೆದವರು ಒಬ್ಬರಿದ್ದಾರೆ. ಬಾಟಲಿಯ ಮೇಲಿನ ಬಣ್ಣದ ತ್ರಿಕೋನದ ಅರ್ಥ ಅವರಲ್ಲಿ ಬಹಳ ಜನಕ್ಕೆ ಯಾರೂ ಹೇಳಿಲ್ಲ. ಕೆಂಪು ಅತಿ ಹೆಚ್ಚು ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷವೇ ಇಲ್ಲ ಎಂದಲ್ಲ. ನೀವು ಯಾವುದನ್ನು ಹೊಡೆಯುತ್ತೀರಿ, ಹೊಡೆದ ದಿನ ತಲೆಸುತ್ತು, ಕಣ್ಣುರಿ ಆಗುತ್ತದಾ, ಮೈಗೆ ಏನು ಹಾಕಿಕೊಳ್ಳುತ್ತೀರಿ ಎಂದು ಬಂದು ಹೇಳಿ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಹೆಸರು ಹಾಕುವುದಿಲ್ಲ. ಬಾಟಲಿ ಮಾತ್ರ ತರಬೇಡಿ, ಖಾಲಿಯಾಗಿದ್ದರೂ ಬೇಡ. ಲೇಬಲ್ಲಿನ ಫೋಟೋ ಸಾಕು.